ಅಮ್ಮ ಮಹಡಿಯಿಂದ ಕೂಗುತ್ತಿದ್ದ ಸಿನಿಮಾ

ಕೈ ತೊಳೆದೂ ತೊಳೆದೂ ಎಲ್ಲರ ಬೆರಳು ಬಿರುಕು ಬಿಟ್ಟಿದ್ದ ಕಾಲ ಅದು. ಅಂಗಡಿಯಿಂದ ಬಂದ ಹಾಲಿನ ಡಬ್ಬಿಗೂ ಸೋಪಿನ ಸ್ನಾನ. ನನ್ನ ಶಾಲೆ ಅಡುಗೆಮನೆ ಮೇಜಿಗೆ ಬಂದಿತ್ತು, ಅಪ್ಪನ ಆಫೀಸು ಇಸ್ತ್ರಿ ಟೇಬಲ್ ಮೇಲೆ ಕೂತಿತ್ತು. ನಿಮ್ಮ ಮನೆಯಲ್ಲೂ ಇಂಥದ್ದೇ ಏನೋ ನಡೆದಿರುತ್ತೆ. ನಮ್ಮ ಮನೆಯಲ್ಲಿ ಇದರ ಜೊತೆಗೆ ಇನ್ನೊಂದೂ ನಡೆಯುತ್ತಿತ್ತು. ಪ್ರತಿ ಸಂಜೆ ಲಂಡನ್ನಿನ ಒಬ್ಬ ಹುಡುಗನಿಗೆ ಯಾರೋ ಚಾಕು ಹಾಕುತ್ತಿದ್ದರು, ಮಹಡಿಯಿಂದ ನಮ್ಮಮ್ಮ ಆ ಹುಡುಗನಿಗೇ ಬೈಯುತ್ತಿದ್ದಳು.

ನಾವಿದ್ದದ್ದು ಐರ್ಲೆಂಡಿನ ಡ್ರೋಹೆಡಾ ಊರಿನಲ್ಲಿ. ದಾವಣಗೆರೆಯಲ್ಲಿ ಡಾಕ್ಟರ್ ಓದಿದ್ದ ಅಮ್ಮನಿಗೆ ಅಲ್ಲಿ ಆಸ್ಪತ್ರೆ ಕೆಲಸ. ನನಗಾಗ ಹನ್ನೆರಡು. ಏಳು ವರ್ಷದವಳಿದ್ದಾಗ ದಾವಣಗೆರೆ ಬಿಟ್ಟು ಬಂದ ನಾನು, ಅಮ್ಮ ಕನ್ನಡದಲ್ಲಿ ಕೇಳಿದರೆ ಐರಿಷ್ ಧಾಟಿಯ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆ. ಕೊರೊನಾ ವಾರ್ಡಿನ ಡ್ಯೂಟಿ ಶುರುವಾದ ದಿನ ಅಮ್ಮ ಮಹಡಿಯ ಸಣ್ಣ ರೂಮಿಗೆ ಹಾಸಿಗೆ ಹಾಕಿಕೊಂಡಳು. ನಾನು, ಅಪ್ಪ ಕೆಳಗೆ, ಅವಳು ಮೇಲೆ. ನಡುವೆ ಮೆಟ್ಟಿಲು, ಮೆಟ್ಟಿಲ ಕೊನೆಯಲ್ಲಿ ಒಂದು ಸ್ಟೂಲು, ಸ್ಟೂಲಿನ ಮೇಲೆ ಅವಳ ತಟ್ಟೆ.

"ಒಂದೇ ಮನೇಲಿ ಇದ್ಕೊಂಡು ಹಿಂಗೆ ಇರೋದಾ? ಸಾಯಂಕಾಲ ಒಟ್ಟಿಗೆ ಏನಾದ್ರೂ ಮಾಡಣ" ಅಂತ ಅಪ್ಪ ಫೋನಿನಲ್ಲಿ ಕೇಳಿದ. ಅಮ್ಮ ಒಂದು ಸಿನಿಮಾದ ಹೆಸರು ಹೇಳಿದಳು. ಅವತ್ತಿನಿಂದ ದಿನಾ ಅದೇ ಸಿನಿಮಾ. ಕೆಳಗೆ ಟಿವಿಯಲ್ಲಿ ನಾವು, ಮೇಲೆ ಲ್ಯಾಪ್‌ಟಾಪಿನಲ್ಲಿ ಅವಳು. ಅಪ್ಪ ಮೆಟ್ಟಿಲ ಬುಡದಲ್ಲಿ ನಿಂತು "ಒಂದು, ಎರಡು, ಮೂರು!" ಅಂದಾಗ ನಾನು, ಅಮ್ಮ ಇಬ್ಬರೂ ಒಟ್ಟಿಗೆ ಪ್ಲೇ ಒತ್ತಬೇಕು.

ಅದೋ, ಮಕ್ಕಳು ನೋಡುವ ಸಿನಿಮಾನೇ ಅಲ್ಲ. ಲಂಡನ್ನಿನ ಒಂದು ಬಡ ಕೇರಿ, ಎತ್ತರದ ಬೂದು ಫ್ಲಾಟುಗಳು, ಯಾವಾಗಲೂ ಕೆಟ್ಟಿರುವ ಲಿಫ್ಟು. ಕರಿದ ಕೋಳಿ ಮಾರುವ ಅಂಗಡಿಯ ಹಿಂದೆ ಗಾಂಜಾ ವ್ಯಾಪಾರ. ಒಬ್ಬ ವಯಸ್ಸಾದ ರೌಡಿ, ಅವನ ಹಿಂದೆ ಸುತ್ತುವ ಹುಡುಗರು. ಅವರಲ್ಲೊಬ್ಬ ಇದೆಲ್ಲ ಬಿಟ್ಟು ಹೋಗಬೇಕು ಅಂತ ಒದ್ದಾಡುವಾಗಲೇ ಮೆಟ್ಟಿಲ ಮೇಲೆ ಅವನಿಗೆ ಚಾಕು ಬೀಳುತ್ತೆ. ಅವನು ಅದನ್ನು ತಾನೇ ಕಿತ್ತು ಎಸೆಯುತ್ತಾನೆ, ಅಲ್ಲೇ ಕುಸಿಯುತ್ತಾನೆ. ಸಿನಿಮಾ ತುಂಬ ಕೆಟ್ಟ ಬೈಗುಳ. ಅಪ್ಪ ಒಂದು ಕೈಯಲ್ಲಿ ರಿಮೋಟು, ಇನ್ನೊಂದು ಕೈಯಲ್ಲಿ ದಿಂಬು ಹಿಡಿದು ಕೂರುತ್ತಿದ್ದ. ಬೈಗುಳ ಬಂದರೆ ಸೌಂಡ್ ಬಂದ್, ರಕ್ತ ಬಂದರೆ ನನ್ನ ಮುಖಕ್ಕೆ ದಿಂಬು. ಹಾಗಾಗಿ ನಾನು ಅರ್ಧ ಸಿನಿಮಾ ಕೇಳಲಿಲ್ಲ, ಇನ್ನರ್ಧ ನೋಡಲಿಲ್ಲ.

ಆದರೆ ಆ ಮೆಟ್ಟಿಲ ಸೀನ್ ಬಂತೋ, ದಿಂಬಿನ ಕತ್ತಲೆಯಲ್ಲೂ ಅಮ್ಮನ ದನಿ ಕೇಳುತ್ತಿತ್ತು. "ಕೀಳಬೇಡ ಕಣೋ! ಚಾಕು ಕೀಳಬೇಡ ಮುಠ್ಠಾಳ!" ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಹೊರಟ ಬಸ್ಸು ನಿಲ್ಲಿಸುವಂಥ ಗಂಟಲು ನಮ್ಮಮ್ಮನದು. ಅದೂ ಹುಡುಗ ಚಾಕುವಿಗೆ ಕೈ ಹಾಕುವ ಮುಂಚೆನೇ ಕೂಗುತ್ತಿದ್ದಳು. ಯಾಕಮ್ಮ ಅಂದರೆ, "ಕಿತ್ತ ಮೇಲೆ ಕೂಗಿ ಏನೇ ಪ್ರಯೋಜನ? ಆ ಚಾಕುನೇ ಬಿರಡೆ ಥರ ರಕ್ತ ತಡ್ಕೊಂಡಿರ್ತೈತೆ. ಹಂಗೇ ಬಿಟ್ಕೊಂಡು ಆಸ್ಪತ್ರೆಗೆ ಬಂದಿದ್ರೆ ಬದುಕ್ತಿದ್ದ, ದಡ್ಡ ನನ್ಮಗ" ಅನ್ನುತ್ತಿದ್ದಳು. ಅಪ್ಪ ಆ ಕೊನೆಯ ಮಾತಿಗೂ ರಿಮೋಟು ಹುಡುಕುತ್ತಿದ್ದ.

ಸಿನಿಮಾದ ಜೊತೆ ಖಾರ ಮಂಡಕ್ಕಿ ಆಗಲೇಬೇಕು. ಅಪ್ಪ ಈರುಳ್ಳಿ ಹೆಚ್ಚಿ, ಪುಟಾಣಿ ಪುಡಿ ಉದುರಿಸಿ, ನಿಂಬೆಹಣ್ಣು ಹಿಂಡಿ, ಹಸಿಮೆಣಸಿನಕಾಯಿ ಕರಿದರೆ ಇಡೀ ಮನೆ ಕೆಮ್ಮುತ್ತಿತ್ತು. ಆ ದಿನಗಳಲ್ಲಿ ಕೆಮ್ಮಿಗೆ ಎಷ್ಟು ಹೆದರಿಕೆ ಅಂತ ನಿಮಗೆ ಗೊತ್ತಲ್ಲ! ಇದು ಮೆಣಸಿನಕಾಯಿ ಕೆಮ್ಮು, ಇದು ಮೆಣಸಿನಕಾಯಿ ಕೆಮ್ಮು ಅಂತ ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಿದ್ದೆವು. ತಟ್ಟೆ ಸ್ಟೂಲು ಮುಟ್ಟಿ ಅಮ್ಮ ಬಾಗಿಲು ತೆಗೆಯುವಷ್ಟರಲ್ಲಿ ಮಂಡಕ್ಕಿ ಮೆತ್ತಗಾಗಿರುತ್ತಿತ್ತು. ಅದಕ್ಕೂ ಅವಳು ಬೈಯುತ್ತಿದ್ದಳು.

ಅಮ್ಮ ಮಲಗುತ್ತಿದ್ದ ರೂಮಿನ ಗೋಡೆಯ ಆಚೆ ಪಕ್ಕದ ಮನೆಯ ಬ್ರೀಡಾ ಇದ್ದರು, ಒಂಟಿ ಮುದುಕಿ. ಒಂದು ಬೆಳಗ್ಗೆ ಗೇಟಿನ ಆಚೆ ನಿಂತು ಅಪ್ಪನನ್ನು ಒಂಥರಾ ನೋಡುತ್ತಾ, "ಮನೇಲಿ ಎಲ್ಲ ಸರಿ ಇದೆ ತಾನೇ? ದಿನಾ ಸಂಜೆ ಹೆಂಗಸು ಕಿರುಚೋದು ಕೇಳಿಸುತ್ತೆ" ಅಂದರು. ಅಪ್ಪನ ಮುಖ ಬೆಂದ ಬೀಟ್ರೂಟು. ಸಿನಿಮಾ ವಿಷಯ ಹೇಳಿದ ಮೇಲೆ ಬ್ರೀಡಾ ಗೇಟು ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು. ಅವರೂ ಅದನ್ನು ಹಿಂದೆ ಥಿಯೇಟರಿನಲ್ಲಿ ನೋಡಿದ್ದರಂತೆ. ಅವತ್ತಿನಿಂದ ಅಮ್ಮ ಕೂಗಿದ ತಕ್ಷಣ ಆಚೆಯಿಂದ ಗೋಡೆಗೆ ದಬ ದಬ ಗುದ್ದು ಬೀಳತೊಡಗಿತು. ತಮ್ಮದೂ ಅದೇ ಅಭಿಪ್ರಾಯ ಅಂತ.

ಅಪ್ಪನಿಗೆ ಆ ಮುದಿ ರೌಡಿ ಇಷ್ಟ. "ಥೇಟ್ ನಮ್ಮ ಮ್ಯಾನೇಜರ್ ಕಣೇ, ನಗ್ತಾ ನಗ್ತಾನೇ ಕುತ್ತಿಗೆ ಕೊಯ್ತಾನೆ." ಆದರೆ ಅಮ್ಮ? ದಿನವಿಡೀ ಜನ ಸಾಯುವುದನ್ನು ನೋಡಿ ಬಂದವಳಿಗೆ ಮತ್ತೆ ಇದೇ ಬೇಕಾ? ಒಂದು ದಿನ ಕೇಳಿಯೇಬಿಟ್ಟೆ.

"ಇಲ್ಲಿ ಚಾಕು ಕಣ್ಣಿಗೆ ಕಾಣ್ತೈತಲ್ಲ ಅನು" ಅಂದಳು. "ಯಾರು ಹಾಕ್ದ, ಎಲ್ಲಿಗೆ ಹಾಕ್ದ, ನಾನು ಅಲ್ಲಿದ್ದಿದ್ರೆ ಏನು ಮಾಡ್ಬೇಕಿತ್ತು, ಎಲ್ಲಾ ಗೊತ್ತು. ವಾರ್ಡಲ್ಲಿ ನಂಗೆ ಏನೂ ಗೊತ್ತಾಗ್ತಿಲ್ಲ." ಆಮೇಲೆ, "ಯಾರು ಸಾಯ್ತಾರೆ ಅಂತ ಮೊದಲೇ ಗೊತ್ತಿರೋ ಸಿನಿಮಾನೇ ಬೇಕು ಈಗ ನಂಗೆ" ಅಂದಳು. ನಾನು "ಓಕೆ" ಅಂದೆ.

ಆಮೇಲೆ ಒಂದು ಸಂಜೆ ತಟ್ಟೆ ಮುಟ್ಟದೆ ಹಾಗೇ ವಾಪಸ್ ಬಂತು. ಅಪ್ಪ ಫೋನ್ ಮಾಡಿದರೆ ಅಮ್ಮ, "ಮೆಣಸಿನಕಾಯಿ ಕರಿದ್ರಾ? ನಂಗೆ ವಾಸನೆನೇ ಬರ್ಲಿಲ್ಲ" ಅಂದಳು. ಅಪ್ಪ ಅಲ್ಲೇ ಕುರ್ಚಿ ಎಳೆದುಕೊಂಡು ಕೂತುಬಿಟ್ಟ.

ಮರುದಿನದಿಂದ ಜ್ವರ. ಆಮೇಲೆ ಏದುಸಿರು. ಬೆರಳಿಗೆ ಸಿಕ್ಕಿಸುವ ಪುಟ್ಟ ಕ್ಲಿಪ್ಪಿನಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಅವಳೇ ನೋಡಿಕೊಂಡು ಅಪ್ಪನಿಗೆ ಮೆಸೇಜ್ ಹಾಕುತ್ತಿದ್ದಳು. ಅಪ್ಪ ಅದನ್ನು ಓದಿ ಫೋನನ್ನು ಎದೆಗೆ ಒತ್ತಿಕೊಳ್ಳುತ್ತಿದ್ದ, ನನಗೆ ತೋರಿಸುತ್ತಿರಲಿಲ್ಲ. ಇನ್ನೂ ಇಳಿದರೆ ಆಂಬುಲೆನ್ಸ್ ಕರೀಬೇಕು ಅಂತ ಅವನು ಯಾರಿಗೋ ಹೇಳುತ್ತಿದ್ದದ್ದು ಕೇಳಿಸಿತು. ಹಾಗೆ ಹೋದವರನ್ನು ಮನೆಯವರು ಬಾಗಿಲಲ್ಲೇ ಬೀಳ್ಕೊಡಬೇಕು, ಆಸ್ಪತ್ರೆ ಒಳಗೆ ಬಿಡಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದು ಅಮ್ಮನ ಬಾಯಿಂದಲೇ. ನನಗೆ ಅವಳು ಕಳಿಸುತ್ತಿದ್ದದ್ದು ಒಂದೇ ಪದ: ಗ್ರ್ಯಾಂಡ್, ಅಂದರೆ ಆರಾಮಾಗಿದೀನಿ ಅಂತ. ಇಲ್ಲಿನವರು ಕಾಲು ಮುರಿದುಕೊಂಡರೂ ಗ್ರ್ಯಾಂಡ್ ಅಂತಾರೆ, ಅವಳೂ ಕಲಿತುಬಿಟ್ಟಿದ್ದಳು. ನಾನು ನಂಬಲಿಲ್ಲ.

ಸಂಜೆ ನಾನು ಸಿನಿಮಾ ಹಾಕಿದೆ.

"ತಲೆ ಕೆಟ್ಟಿದ್ಯೇನೇ ನಿಂಗೆ? ಮೇಲೆ ಅಮ್ಮ ಹಂಗೆ ಮಲಗಿದಾಳೆ, ಚಾಕು ಹಾಕೋ ಸಿನಿಮಾ ಬೇಕಾ?" ಅಪ್ಪ ರೇಗಿದ. ನಾನು ಅತ್ತೆ. ಅಷ್ಟರಲ್ಲಿ ಅವನ ಫೋನು ಸದ್ದು ಮಾಡಿತು. ಅಮ್ಮನ ಮೆಸೇಜು: "ಹಾಕಿರಲಿ. ಕೇಳಿಸುತ್ತೆ." ಅಪ್ಪ ಸೌಂಡ್ ಜಾಸ್ತಿ ಮಾಡಿದ, ಬೈಗುಳಕ್ಕೂ ಬಂದ್ ಮಾಡಲಿಲ್ಲ.

ಮೆಟ್ಟಿಲ ಸೀನ್ ಬಂತು. ನಾವಿಬ್ಬರೂ ಸೂರು ನೋಡಿದೆವು. ಮೇಲಿಂದ ಕೆಮ್ಮು ಮಾತ್ರ. ಮೆಣಸಿನಕಾಯಿ ಕೆಮ್ಮಲ್ಲ.

ಕೂಗೋಕೆ ಉಸಿರು ಬೇಕಲ್ಲ. ಅದು ನನಗೆ ಆವತ್ತು ಅರ್ಥವಾಯಿತು. ಮರುದಿನ ಆ ಸೀನಿಗೆ ನಾನೇ ಎದ್ದು ನಿಂತು ಕೂಗಿದೆ, "ಕೀಳಬೇಡ ಕಣೋ!" ವರ್ಷಗಳ ಮೇಲೆ ನನ್ನ ಬಾಯಿಂದ ಬಂದ ಮೊದಲ ಜೋರು ಕನ್ನಡ ಅದೇ ಇರಬೇಕು. ಅಪ್ಪ ನನ್ನನ್ನು ಎಳೆದು ತಬ್ಬಿಕೊಂಡ. ಬ್ರೀಡಾ ಗೋಡೆ ಗುದ್ದಲಿಲ್ಲ. ಬೆಳಗ್ಗೆ ಗೇಟಿನ ಕಂಬದ ಮೇಲೆ ಆಪಲ್ ಟಾರ್ಟ್ ಇಟ್ಟು ದೂರ ಸರಿದು ನಿಂತು, "ನಿನ್ನೆ ಕೂಗಿದ್ದು ನೀನು ತಾನೇ? ಅಮ್ಮ ಇನ್ನೂ ಕೂಗಿಲ್ಲವಲ್ಲ?" ಅಂದರು. ಇಲ್ಲ ಅಂತ ತಲೆ ಆಡಿಸಿದೆ. ಅವರು ಶಿಲುಬೆಯ ಗುರುತು ಮಾಡಿಕೊಂಡು ಒಳಗೆ ಹೋದರು.

ಹೀಗೇ ಕೆಲವು ಸಂಜೆಗಳು. ಪ್ರತಿ ಸಂಜೆ ನಾನು ಕೂಗುವುದು, ಆ ಹುಡುಗ ನನ್ನ ಮಾತನ್ನೂ ಕೇಳದೆ ಚಾಕು ಕೀಳುವುದು. ಅವನ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರತೊಡಗಿತ್ತು.

ಒಂದು ಸಂಜೆ, ಹೊರಗಿನ್ನೂ ಹಾಡಹಗಲಿನಂಥ ಬಿಸಿಲು, ಪರದೆ ಎಳೆದು ಕೂತಿದ್ದೆವು. ಹುಡುಗ ಮೆಟ್ಟಿಲು ಹತ್ತುತ್ತಿದ್ದ. ನಾನು ಎದ್ದು ನಿಂತು ಬಾಯಿ ತೆರೆದೆ. ಅಷ್ಟರಲ್ಲಿ ಮೇಲಿಂದ ಬಂತು, ಒಡೆದ ದನಿ, ಆದರೂ ದಾವಣಗೆರೆ ಬಸ್‌ಸ್ಟ್ಯಾಂಡಿನದೇ ದನಿ:

"ಕೀಳಬೇಡ ಕಣೋ ಮುಠ್ಠಾಳ!"

ಗೋಡೆ ದಬ ದಬ ಅಂತು. ನಿಲ್ಲಲೇ ಇಲ್ಲ, ಬ್ರೀಡಾ ಎರಡೂ ಕೈಯಲ್ಲಿ ಗುದ್ದುತ್ತಿದ್ದರೋ ಏನೋ. ಅಪ್ಪ ಓಡಿ ಹೋಗಿ ಮೆಟ್ಟಿಲ ಬುಡದಲ್ಲಿ ಕೂತ, ಮುಖ ಮುಚ್ಚಿಕೊಂಡು, "ಉಸಿರು ಬಂತು ಕಣೇ ಅವಳಿಗೆ, ಉಸಿರು ಬಂತು" ಅಂತ ಅದನ್ನೇ ಹೇಳಿದ. ಅಬ್ಬಾ! ಎದೆ ಮೇಲಿಂದ ಬಂಡೆ ಸರಿದ ಹಾಗಾಯಿತು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ಗೊತ್ತಿಲ್ಲ. ಮೇಲಿಂದ ಮತ್ತೆ ದನಿ: "ಅನು, ನೀನು ಲೇಟಾಗಿ ಕೂಗ್ತೀಯ ಕಣೇ. ಇನ್ನೂ ಮುಂಚೆ ಕೂಗ್ಬೇಕು!"

ಈಗ ಮನೆಯಿಂದ ದೂರ, ಡಗ್ಲಸ್‌ನಲ್ಲಿ ರೂಮು ಮಾಡಿಕೊಂಡು ಕಾಲೇಜಿಗೆ ಹೋಗುತ್ತೇನೆ. ಬ್ರೀಡಾ ತೀರಿಹೋದರು, ಆ ಮನೆಗೆ ಬೇರೆಯವರು ಬಂದಿದ್ದಾರೆ, ಅವರ ಹೆಸರೂ ನನಗೆ ಗೊತ್ತಿಲ್ಲ. ರಜೆಗೆ ಹೋದರೂ ಸಂಜೆ ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆ, ಎಲ್ಲರ ಕೈಯಲ್ಲೂ ಬೇರೆ ಬೇರೆ ಪರದೆ. ಬಾಗಿಲುಗಳೆಲ್ಲ ತೆರೆದೇ ಇರುತ್ತವೆ, ಒಬ್ಬರಿಗೊಬ್ಬರು ಕೂಗಿಕೊಳ್ಳುವ ಅಗತ್ಯ ಯಾರಿಗೂ ಇಲ್ಲ.

ಕಳೆದ ಸಲ ನಾನೇ ಹಟ ಹಿಡಿದು ಆ ಸಿನಿಮಾ ಹಾಕಿದೆ. ಒಂದೇ ಸೋಫಾ, ಮೂವರೂ, ಗರಿಗರಿ ಮಂಡಕ್ಕಿ. ಡ್ಯೂಟಿ ಮುಗಿಸಿ ಬಂದಿದ್ದ ಅಮ್ಮ ಮೊದಲ ಬೈಗುಳಕ್ಕೇ ನನ್ನ ಭುಜದ ಮೇಲೆ ನಿದ್ದೆ ಹೋದಳು. ಹುಡುಗ ಮೆಟ್ಟಿಲು ಹತ್ತಿದ. ಅಪ್ಪ ನನ್ನ ಮುಖ ನೋಡಿದ, ನಾನು ಅಮ್ಮನ ಮುಖ ನೋಡಿದೆ. ಬಾಯಿ ಅರ್ಧ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತಾ, ತುಂಬು ಉಸಿರಿನಲ್ಲಿ ಮಲಗಿದ್ದಳು.

ಹುಡುಗ ಚಾಕುವಿಗೆ ಕೈ ಹಾಕಿದ. ಕಿತ್ಕೊಂಡ್ರೆ ಕಿತ್ಕೊಳ್ಲಿ ಬಿಡು ಅಂದುಕೊಂಡು, ನಾನು ಸೌಂಡ್ ಕಮ್ಮಿ ಮಾಡಿದೆ.