ಟೈರಿಗೆ ಉಜ್ಜುವ ಟ್ರಾಲಿ

ದೋಸ್ತರೇ, ಇವತ್ತು ಹುಮನಾಬಾದಿನ ನಮ್ಮ ವೆಲ್ಡಿಂಗ್ ಅಂಗಡಿಯಲ್ಲಿ ನನ್ನ ತಲೆ ಪೂರಾ ಕೆಟ್ಟಿತು. ಪಕ್ಕದ ಹುಡಗಿ ಎಂಬ ಊರಿನ ಕುರಿಗಾರ ಕಾಕಾ ತನ್ನ ಟ್ರಾಲಿಗೆ ದೊಡ್ಡ ಟೈರು ಹಾಕಿಸಿದ್ದಾನೆ. ಮರಿಗಳು, ಪಾತ್ರೆ, ಕೌದಿ, ಮೊಮ್ಮಕ್ಕಳು ಎಲ್ಲರೂ ಅದರಲ್ಲೇ. ತುಂಬಿದಾಗ ಬಾಡಿ ಕುಸಿದು ಟೈರಿಗೆ ಉಜ್ಜುತ್ತದೆ. ರಬ್ಬರು ಸವೆದು ಒಳಗಿನ ದಾರ ಕಾಣುತ್ತಿದೆ. ನಾಳೆ ಬಸವಕಲ್ಯಾಣದ ಕಡೆ ಹೊರಡಬೇಕಂತೆ.

“ಕಾಕಾ, ಗಾಲಿ ಆಕ್ಸಲ್ ಭಾರ ಹೊರೋ ಕಮಾನು ಪಟ್ಟಿ ಮ್ಯಾಲ ಅದ. ಆಕ್ಸಲ್‌ನ ಪಟ್ಟಿ ಕೆಳಗ ಹಾಕ್ತೀನಿ, ಬಾಡಿ ಎತ್ತರ ಆಗ್ತದ” ಅಂದೆ.

“ಅದೆಲ್ಲ ಬ್ಯಾಡ. ನಾಕ ಬಟ್ಟು ಜಾಗಾ ಅದ ನೋಡು. ಬಾಡಿ ಅಂಚು ಒಂದಿಷ್ಟ ಕೊಯ್ದುಬಿಡು” ಎಂದು ಖಾಲಿ ಟ್ರಾಲಿಯ ಬಾಡಿಗೂ ಟೈರಿಗೂ ನಡುವಿನ ಸಂದಿಯಲ್ಲಿ ನಾಲ್ಕು ಬೆರಳು ತೂರಿಸಿ ತೋರಿಸಿದ.

“ಖಾಲಿ ಇದ್ದಾಗ ಯಾರ ಟ್ರಾಲಿನೂ ಉಜ್ಜಲ್ರಿ. ಹಾದ್ಯಾಗ ಟೈರ್ ಒಡದ್ರ ಹುಡುಗರನ್ನ ಯಾರ ಹಿಡೀತಾರ?”

“ಸಾಲಿ ಬಿಟ್ಟಾಂವ ನನಗ ಶಾಣ್ಯಾತನ ಕಲಸಾಕತ್ತಿ. ಎತ್ತರ ಮಾಡಿದ್ರ ನಮ್ಮವ್ವ ಹ್ಯಾಂಗ ಹತ್ತಬೇಕು?”

ಎರಡು ತಾಸು ಇದೇ ಜಗಳ. ಬಾಗಿಲಲ್ಲಿ ಕುಳಿತಿದ್ದ ಅವನ ಮುದುಕಿ ತಾಯಿ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಹೇಳಿದಳು: “ನನ್ನ ಹೆಸರ ಯಾಕ ಹೇಳ್ತಿ? ನಾ ಯಾವತ್ತ ಅದರಾಗ ಕುಂತೀನಿ? ಕುರಿ ಹಿಂದ ನಡಕೋತ ಹೋಗಾಕಿ. ಇಲ್ಲೀ ತನಕಾನೂ ನಡದೇ ಬಂದೀನಿ.”

“ಹಂಗಾರ ಮಾಡು” ಅಂದ ಕಾಕಾ. ಸಂಜೆವರೆಗೆ ಕುಳಿತು ಆಕ್ಸಲನ್ನು ಪಟ್ಟಿಯ ಕೆಳಗೆ ಬಿಗಿದೆ. ಹೊರಡುವಾಗ ಅವನು ಹತ್ತಿರ ಬಂದು ಮೆಲ್ಲಗೆ ಕೇಳಿದ: “ತಮ್ಮಾ, ಹಿಂದ ಒಂದ ಮೆಟ್ಟಲ ಹಚ್ಚು.”

“ಯಾರಿಗ್ರಿ?”

“ನನಗ. ಮೊಣಕಾಲ ಹಿಡೀತಾವ.”

ಇದನ್ನು ಬೆಳಿಗ್ಗೆಯೇ ಹೇಳಿದ್ದರೆ ಮೆಟ್ಟಿಲನ್ನೇ ಮೊದಲು ಹಚ್ಚುತ್ತಿದ್ದೆ.