ಜಯಕ್ಕನ ಕಾಲಡಿಯ ಪೆಡಲು

ನಾನು ಮೋಸ ಮಾಡಿ ಎಂ.ಟೆಕ್ ಪಾಸಾದವಳು. ಇದನ್ನು ಸುತ್ತಿ ಬಳಸಿ ಹೇಳುವ ಆಸೆ ಈಗ ಉಳಿದಿಲ್ಲ. ಅರಸೀಕೆರೆಯ ಒಂದು ಕೊಬ್ಬರಿ ಮಂಡಿಯಲ್ಲಿ ನನ್ನ ಯಂತ್ರ ನಲವತ್ತು ಕಾಯಿಗಳನ್ನು ಒಂದೂ ತಪ್ಪದೆ ವಿಂಗಡಿಸಿತು ಎಂದು ಪರೀಕ್ಷಕರು ಷರಾ ಬರೆದಿದ್ದಾರೆ. ಯಂತ್ರ ಒಂದನ್ನೂ ವಿಂಗಡಿಸಲಿಲ್ಲ. ವಿಂಗಡಿಸಿದ್ದು ಮೇಜಿನ ಕೆಳಗೆ, ಸೀರೆಯ ನೆರಿಗೆಯ ಮರೆಯಲ್ಲಿದ್ದ ಒಂದು ಕಾಲು — ನನ್ನ ದೊಡ್ಡಪ್ಪನ ಮಗಳು ಜಯಕ್ಕನ ಕಾಲು. ಅದಾಗಿ ಎಂಟು ವರ್ಷ. ಇಷ್ಟು ದಿನ ಇದನ್ನು ನುಂಗಿಕೊಂಡಿದ್ದೆ ಎನ್ನೋಣವೆಂದರೆ, ನುಂಗಿದ್ದು ಗಂಟಲಲ್ಲಿ ಚುಚ್ಚಬೇಕಲ್ಲ? ನನಗೆ ಎಲ್ಲೂ ಚುಚ್ಚಲಿಲ್ಲ. ಕೆಲಸ ಸಿಕ್ಕಿತು, ಬಡ್ತಿ ಸಿಕ್ಕಿತು, ನಿದ್ದೆಯೂ ಚೆನ್ನಾಗಿಯೇ ಬಂತು. ನನ್ನ ಮೇಲೆ ನನಗೆ ಸಿಟ್ಟು ಇರುವುದು ಅದಕ್ಕೇ.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ರೊಬೊಟಿಕ್ಸ್ ಮತ್ತು ಕೃತಕ ಬುದ್ಧಿಮತ್ತೆ ಎಂಬ ನನ್ನ ಕೋರ್ಸಿನ ಹೆಸರನ್ನು ನಮ್ಮ ಮನೆತನದಲ್ಲಿ ಪೂರ್ತಿ ಹೇಳಬಲ್ಲವರು ಅಪ್ಪ ಒಬ್ಬರೇ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಅವರು ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಅದನ್ನು ಬಾಯಿಪಾಠ ಒಪ್ಪಿಸುತ್ತಿದ್ದರು. ಕಾಲೇಜಿನಲ್ಲಿದ್ದದ್ದು ಒಂದೇ ಒಂದು ರೋಬೋ ಕೈ. ಅದಕ್ಕೆ ಸದಾ ಬಟ್ಟೆ ಹೊದಿಸಿರುತ್ತಿತ್ತು, ಬೀಗದ ಕೈ ಮುಖ್ಯಸ್ಥರ ಡ್ರಾಯರಿನಲ್ಲಿ. ಉಳಿದದ್ದೆಲ್ಲ ಪುಸ್ತಕ. ಕೊನೆಯ ವರ್ಷದ ಪ್ರಾಜೆಕ್ಟಿಗೆ ನನ್ನ ಗೈಡ್ ಹೇಳಿದ್ದು ಇಷ್ಟೇ: "ನಿಮ್ಮೂರಿನದೇ ಏನಾದ್ರೂ ತಗೊಳಮ್ಮ. ಅಮೆರಿಕದ ಪೇಪರ್ ನಕಲು ಮಾಡಬೇಡ." ನಮ್ಮೂರಿನದು ಅಂದರೆ ಕೊಬ್ಬರಿ.

ಜಯಕ್ಕ ಮಂಡಿಯಲ್ಲಿ ಕಾಯಿಗೆ ಕಿವಿ ಕೊಡುವ ಕೆಲಸ ಮಾಡುತ್ತಿದ್ದಳು. ಅಟ್ಟದಲ್ಲಿ ವರ್ಷದ ಹತ್ತಿರ ಒಣಗಿದ ಕಾಯಿಯೊಳಗೆ ಕೊಬ್ಬರಿ ಚಿಪ್ಪು ಬಿಟ್ಟು ಗಿಟುಕಾಗಿರುತ್ತದೆ. ಅಲ್ಲಾಡಿಸಿದರೆ ಒಳಗೆ ಗಟಗಟ ಎನ್ನುತ್ತದೆ. ಆ ಸದ್ದಿನಲ್ಲೇ ಒಳಗಿರುವುದು ಹದವಾದದ್ದೋ ಕೌಟಾದದ್ದೋ ಎಂದು ಒಡೆಯುವ ಮುಂಚೆ ಹೇಳಬೇಕು. ಒಂದು ಕೌಟು ಸೇರಿಕೊಂಡರೆ ಚೀಲಕ್ಕೆ ಚೀಲವೇ ನಾರುತ್ತದೆ. ಇಡೀ ಮಂಡಿಯಲ್ಲಿ ಈ ವಿದ್ಯೆ ಇದ್ದವರು ಇಬ್ಬರೇ — ಜಯಕ್ಕ, ಅವಳಿಗೆ ಕಲಿಸಿದ ಸಿದ್ದಜ್ಜಿ. ಉಳಿದ ಹೆಂಗಸರು ಅಂಗಳದಲ್ಲಿ ಕೂತು ಚಿಪ್ಪು ಒಡೆದರೆ ಇವರಿಬ್ಬರಿಗೆ ಜಗಲಿ. ಇವರು ಕಾಯಿಯನ್ನು ಕಿವಿಗೆ ಹಿಡಿದರೆ ಮಂಡಿಯ ಸಾಹುಕಾರರೇ ಎದ್ದು ರೇಡಿಯೋ ತಗ್ಗಿಸುತ್ತಿದ್ದರು. ಹತ್ತನೇ ತರಗತಿಯ ಗಣಿತದಲ್ಲಿ ಮೂರು ಸಲ ಫೇಲಾದ ಜಯಕ್ಕನಿಗೆ ಆ ರೇಡಿಯೋ ತಗ್ಗುವುದೇ ಪದವಿ. ಇದು ನನಗೆ ಆಗಲೂ ಗೊತ್ತಿತ್ತು, ಚೆನ್ನಾಗಿಯೇ ಗೊತ್ತಿತ್ತು.

ನಾನೇ ಮೋಟಾರು ಕೂಡಿಸಿ ಮಾಡುವ ಯಂತ್ರದ ಕೈಯೊಂದು ಕಾಯಿಯನ್ನು ಹಿಡಿದು ಮೂರು ಸಲ ಅಲ್ಲಾಡಿಸಬೇಕು, ಮೈಕು ಸದ್ದು ಕೇಳಬೇಕು, ಕಂಪ್ಯೂಟರು ತೀರ್ಮಾನಿಸಬೇಕು, ಕೈ ಎಡಗಡೆಗೋ ಬಲಗಡೆಗೋ ಹಾಕಬೇಕು — ಇದು ನನ್ನ ಯೋಜನೆ. ಕಂಪ್ಯೂಟರಿಗೆ ಕಲಿಸಲು ಸಾವಿರಾರು ಸದ್ದುಗಳು ಬೇಕಿದ್ದವು. ಭಾನುವಾರ ಮಂಡಿಗೆ ರಜೆ. ದೊಡ್ಡಪ್ಪ ಬೆಳಿಗ್ಗೆ ಬುದ್ಧನ ಪಟದ ಮುಂದೆ ಮನೆಯವರನ್ನೆಲ್ಲ ಕೂರಿಸಿ ಪಂಚಶೀಲ ಹೇಳಿಸುತ್ತಿದ್ದರು. ಸುಳ್ಳು ಹೇಳುವುದಿಲ್ಲ ಎಂಬುದನ್ನೂ ಸೇರಿಸಿ ನಾನೂ ಹೇಳುತ್ತಿದ್ದೆ. ಅದು ಮುಗಿದದ್ದೇ ಹಿಂದಿನ ಕೋಣೆಯಲ್ಲಿ ನಾನೂ ಜಯಕ್ಕನೂ ಕಾಯಿಗಳ ರಾಶಿಯ ನಡುವೆ.

ಅವಳದು ಒಂದು ಪಟ್ಟು. ದಿನದ ಕೆಲಸ ಹದವಾದ ಕಾಯಿಯಿಂದಲೇ ಶುರುವಾಗಬೇಕು, ಕೌಟನ್ನು ಕೊನೆಗೇ ಮುಟ್ಟಬೇಕು. ನಾನು ನಕ್ಕೆ. ದೊಡ್ಡಪ್ಪ ಶಕುನಗಿಕುನ ಎಲ್ಲ ಬಿಟ್ಟು ಎಷ್ಟು ವರ್ಷವಾಯಿತು, ನೀನಿನ್ನೂ ಹಿಡಿದುಕೊಂಡಿದ್ದೀಯಲ್ಲ ಎಂದೆ.

"ಸಕುನ ಅಲ್ಲ ಕಣೇ ಸುಮಿ, ಕೆಲ್ಸದ ಮಾತು," ಎಂದಳು. "ಕೌಟು ಮುಟ್ಟಿದ ಕೈ ನಾತ ಹೊಡೀತೈತೆ. ಆಮೇಲೆ ಒಳ್ಳೇದೂ ಕೌಟು ಅನ್ಸಕ್ಕೆ ಸುರುವಾಯ್ತದೆ. ಸಿದ್ದಜ್ಜಿ ಹೇಳಿಕೊಟ್ಟಿದ್ದು."

ಒಪ್ಪಿಕೊಂಡೆ. ಬೆಳಿಗ್ಗೆಯೆಲ್ಲ ಹದವಾದ ಕಾಯಿಗಳ ಸದ್ದು ಹಿಡಿದೆವು, ಮಧ್ಯಾಹ್ನದ ಮೇಲೆ ಕೌಟಿನವು. ಒಮ್ಮೆ ಅವಳು ಇನ್ನೊಂದು ಮಾತನ್ನೂ ಹೇಳಿದಳು. "ನಿನ್ ಮಿಷನ್ನಿಗೆ ಬರೀ ಕಿವಿ ಇಟ್ಟಿದ್ದೀಯಲ್ಲೇ, ಅಂಗೈ ಬ್ಯಾಡ್ವಾ? ಕಿವಿಗಿಂತ ಮೊದ್ಲು ಅಂಗೈಗೆ ತಿಳೀತೈತೆ." ಗಿಟುಕು ಚಿಪ್ಪಿಗೆ ಬಡಿಯುವ ಏಟು ಅವಳ ಕೈಗೆ ಗೊತ್ತಾಗುತ್ತಿತ್ತು. ನಾನು ಅದನ್ನು ಬರೆದುಕೊಳ್ಳಲೂ ಇಲ್ಲ. ಓದಿದವಳಲ್ಲವೇ!

ಕಾಲೇಜಿನ ಕಂಪ್ಯೂಟರಿನಲ್ಲಿ ಫಲಿತಾಂಶ ನೋಡಿ ಕುಣಿದಾಡಿದೆ. ತಪ್ಪೇ ಇಲ್ಲ ಎನ್ನುವಷ್ಟು ಕಡಿಮೆ. ಮಂಡಿಯಲ್ಲೇ ಪ್ರದರ್ಶನ ಎಂದು ಗೈಡ್ ದಿನ ಗೊತ್ತುಮಾಡಿದರು. ಪರೀಕ್ಷಕರು ಬೆಂಗಳೂರಿನಿಂದ ಬರುವುದು, ಸಾಹುಕಾರರು ಚಪ್ಪರ ಹಾಕಿಸುವುದು, ಎಲ್ಲ ತೀರ್ಮಾನವಾಯಿತು. ಇನ್ನು ನಾಲ್ಕು ದಿನ ಇರುವಾಗ ಹಿಂದಿನ ಕೋಣೆಯಲ್ಲಿ ಯಂತ್ರ ಜೋಡಿಸಿ ನೋಡಿದೆ. ಜಯಕ್ಕ ಬೇಕೆಂದೇ ಹತ್ತು ಕೌಟು ಕಾಯಿ ಕೊಟ್ಟಳು. ಹತ್ತನ್ನೂ ಯಂತ್ರ ಒಳ್ಳೆಯವು ಎಂದು ಎಡಗಡೆಗೆ ಹಾಕಿತು.

"ಮೂಗಿಲ್ಲ ಸರಿ, ಕಿವೀನೂ ಇಲ್ವೇನೇ ಇದ್ಕೆ?" ಎಂದು ಜಯಕ್ಕ ನಕ್ಕಳು. ಸೆಕೆ ಎಂದು ಫ್ಯಾನ್ ಹಾಕಿದಳು. ಮತ್ತೆ ಕೊಟ್ಟಳು. ಈಗ ಕೊಟ್ಟದ್ದೆಲ್ಲ ಕೌಟು. ಹದವಾದದ್ದೂ ಕೌಟು, ಕೌಟೂ ಕೌಟು.

ಆಗ ತಿಳಿಯಿತು. ಆ ತಿಂಗಳುಗಳಲ್ಲಿ ಬೆಳಗಿನ ಹೊತ್ತು ಕರೆಂಟು ಇರುತ್ತಿರಲಿಲ್ಲ. ಕಂಪ್ಯೂಟರು ಬ್ಯಾಟರಿಯ ಮೇಲೆ ಓಡುತ್ತಿತ್ತು, ಫ್ಯಾನು ನಿಂತಿರುತ್ತಿತ್ತು. ಮಧ್ಯಾಹ್ನ ಕರೆಂಟು ಬಂದ ಮೇಲೆ ಫ್ಯಾನು ತಿರುಗುತ್ತಿತ್ತು. ಒಳ್ಳೆಯ ಕಾಯಿಗಳೆಲ್ಲ ಫ್ಯಾನಿಲ್ಲದಾಗ, ಕೌಟೆಲ್ಲ ಫ್ಯಾನಿದ್ದಾಗ. ನನ್ನ ಕೃತಕ ಬುದ್ಧಿ ತಿಂಗಳುಗಟ್ಟಲೆ ಕೂತು ಕಲಿತದ್ದು ಕೊಬ್ಬರಿಯನ್ನಲ್ಲ, ನಮ್ಮ ದೊಡ್ಡಪ್ಪನ ಮನೆಯ ಫ್ಯಾನಿನ ಸದ್ದನ್ನು.

ಇಲ್ಲಿಯವರೆಗೆ ಆದದ್ದು ತಪ್ಪು. ಯಾರಿಗೂ ಆಗಬಹುದಾದ ತಪ್ಪು. ಗೈಡಿಗೆ ಹೇಳಿದ್ದರೆ ಬೈದು, ಆರು ತಿಂಗಳು ಮುಂದೆ ಹಾಕುತ್ತಿದ್ದರು. ಆರೇ ತಿಂಗಳು! ಅವರು ಒಳ್ಳೆಯ ಮನುಷ್ಯರು, ಯಾರೂ ನನ್ನ ಕುತ್ತಿಗೆಗೆ ಕತ್ತಿ ಹಿಡಿದಿರಲಿಲ್ಲ. ಆದರೆ ತರಗತಿಗೆ ಮೊದಲಿಗಳಾಗುವ ಹುಚ್ಚು ನನ್ನ ತಲೆ ತುಂಬಿತ್ತು. ಅಮ್ಮನ ಹೊಲಿಗೆ ಯಂತ್ರದ ಮೋಟಾರಿಗಿದ್ದ ಪೆಡಲು ಬಿಚ್ಚಿ ತಂದೆ. ವೈರು ಜೋಡಿಸಿದೆ. ಒತ್ತಿದರೆ ಕೌಟು, ಒತ್ತದಿದ್ದರೆ ಹದ.

"ಜಯಕ್ಕ, ಒಂದೇ ಒಂದು ದಿನ. ನೀನು ಕಾಯಿ ಎತ್ತಿ ಕೊಡೋಳು ಅಂತ ಕೂತ್ಕೋ. ಕೈಗೆ ಗೊತ್ತಾಗುತ್ತಲ್ಲ, ಕೌಟಾದ್ರೆ ಕಾಲಲ್ಲಿ ಒತ್ತು. ಆಮೇಲೆ ಯಂತ್ರ ನಾನು ಸರಿ ಮಾಡ್ತೀನಿ."

ಅವಳು ಪೆಡಲನ್ನೇ ನೋಡುತ್ತಾ ಕೂತಳು. "ಇದು ಸರಿಯೇನೇ?" ಎಂದಳು. ನಾನು ಸಿಡುಕಿದೆ. ಕಾಲೇಜುಗಳಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ, ನಿನಗೆ ಅದೆಲ್ಲ ತಿಳಿಯುವುದಿಲ್ಲ ಎಂದೆ. "ಓದಿರೋಳು ನೀನು, ನಿಂಗೇ ಗೊತ್ತಿರ್ತದೆ," ಎಂದು ಪೆಡಲನ್ನು ಕಾಲ ಬಳಿಗೆ ಎಳೆದುಕೊಂಡಳು. ಅವಳ ಬಾಯಿ ಮುಚ್ಚಿಸಲು ನನ್ನ ಓದು ಎಷ್ಟು ಚೆನ್ನಾಗಿ ಉಪಯೋಗಕ್ಕೆ ಬಂತು ನೋಡಿ.

ಪ್ರದರ್ಶನ ಬಹಳ ಚೆನ್ನಾಗಿ ನಡೆಯಿತು, ದರಿದ್ರ. ಲಾರಿ ಬಂತು, ಪಕ್ಕದ ಹಳಿಯ ಮೇಲೆ ರೈಲು ಕೂಗುತ್ತಾ ಹೋಯಿತು, ಚಿಪ್ಪು ಒಡೆಯುವ ಸದ್ದು ನಿಲ್ಲಲೇ ಇಲ್ಲ. ಅದರ ನಡುವೆಯೂ ಯಂತ್ರ ಠೀವಿಯಿಂದ ಕಾಯಿ ಅಲ್ಲಾಡಿಸಿ ಎಡಕ್ಕೆ ಬಲಕ್ಕೆ ಹಾಕುತ್ತಿತ್ತು. ಅಷ್ಟು ಗದ್ದಲದಲ್ಲಿ ಇದಕ್ಕೆ ಹೇಗೆ ಕೇಳಿಸುತ್ತದೆ ಎಂದು ಅಷ್ಟು ಓದಿಕೊಂಡ ಪರೀಕ್ಷಕರಿಗೆ ಒಂದು ಅನುಮಾನವೂ ಬರಲಿಲ್ಲ. ಸಾಹುಕಾರರು ನಲವತ್ತನ್ನೂ ಒಡೆಸಿದರು. ನಲವತ್ತೂ ಸರಿ.

"ತಾನೇ ತೀರ್ಮಾನ ತಗೊಳ್ಳುತ್ತೇನಮ್ಮಾ?" ಪರೀಕ್ಷಕರು ಕೇಳಿದರು.

"ಹೌದು ಸರ್, ತಾನೇ," ಎಂದೆ. ಜಯಕ್ಕ ಒಂದು ಮಾರು ದೂರದಲ್ಲಿದ್ದಳು.

ಸಾಹುಕಾರರು ಅವಳ ಕಡೆ ತಿರುಗಿದರು. "ಏನಮ್ಮ ಜಯಮ್ಮ, ನಿನಗಿಂತ ವಾಸಿ ಐತಲ್ಲ ಇದು?"

ಅವಳು ತಲೆ ಎತ್ತಲಿಲ್ಲ. "ಹೂಂ, ಸಾವ್ಕಾರ್ರೆ," ಎಂದಳು.

ಎಲ್ಲರೂ ಊಟಕ್ಕೆ ಎದ್ದ ಮೇಲೆ, ಕಂಬದ ಪಕ್ಕ ನಿಂತು ನೋಡುತ್ತಿದ್ದ ಸಿದ್ದಜ್ಜಿ ನಿಧಾನವಾಗಿ ಹತ್ತಿರ ಬಂತು. ಯಂತ್ರದ ಕೈಯನ್ನು ಒಂದು ಬೆರಳಿನಲ್ಲಿ ಮುಟ್ಟಿ, "ಬಲೇ ಕಿವಿ ಕಣವ್ವ ಇದ್ಕೆ. ನಂಗೆ ಇಷ್ಟು ಸದ್ದಿನಾಗೆ ಕೇಳ್ತಿರ್ನಿಲ್ಲ," ಎಂದಿತು. ನಾನು ನಕ್ಕು, "ಥ್ಯಾಂಕ್ಸ್ ಅಜ್ಜಿ," ಎಂದೆ. ಹಾಗೆಂದೆ. ನನ್ನ ನಾಲಿಗೆ ಬಿದ್ದುಹೋಗಲಿಲ್ಲ.

ಆಮೇಲೆ ನಾನು ಯಂತ್ರ ಸರಿ ಮಾಡಲಿಲ್ಲ. ಮೊದಲ ಸ್ಥಾನ ಬಂತು, ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಜಯಕ್ಕ ಮಂಡಿ ಬಿಟ್ಟಳಂತೆ, ಮದುವೆಯಾಗಿ ಬಸ್ತಿಹಳ್ಳಿಗೆ ಹೋದಳು, ಅಲ್ಲಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಾಳೆ. ಮದುವೆಯಲ್ಲಿ ಸಿಕ್ಕಾಗ ಯಾಕೆ ಬಿಟ್ಟೆ ಎಂದು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ!

ಇನ್ನೂ ನಾಚಿಕೆಗೇಡಿನದು ಇದೆ. ಡೇಟಾ ಹೇಗೆ ಕೆಡುತ್ತದೆ ಎಂದು ಪಾಠ ಮಾಡುವಾಗ ಪ್ರತಿವರ್ಷ ನಾನು ಆ ಫ್ಯಾನಿನ ಕಥೆ ಹೇಳುತ್ತೇನೆ — ಯಾರೋ ಒಬ್ಬ ವಿದ್ಯಾರ್ಥಿನಿಯ ಕಥೆ ಎಂದು. ತರಗತಿ ಗೊಳ್ಳೆಂದು ನಗುತ್ತದೆ. ಪ್ರಾಮಾಣಿಕತೆಯೇ ವಿಜ್ಞಾನದ ಬುನಾದಿ ಎಂದು ಮುಗಿಸುತ್ತೇನೆ. ಹೇಳುವುದು ವೇದ, ಹಾಕುವುದು ಗಾಳ. ಈ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ನಗಲಿಲ್ಲ. "ಆಮೇಲೆ ಅವಳು ಏನ್ ಮಾಡಿದ್ಲು ಮೇಡಂ?" ಎಂದು ಕೇಳಿದಳು. "ಪ್ರಾಜೆಕ್ಟ್ ಬದಲಾಯಿಸಿದಳು," ಎಂದೆ. ಒಂದು ಕ್ಷಣವೂ ಯೋಚಿಸದೆ, ಅಷ್ಟು ಸಲೀಸಾಗಿ. ಆ ಸಲೀಸು ನನ್ನನ್ನು ಹೆದರಿಸಿತು.

ಹೋದ ಶನಿವಾರ ಅರಸೀಕೆರೆಯಿಂದ ಬೇಲೂರಿನ ಬಸ್ಸು ಹತ್ತಿ ಹಳೇಬೀಡಿನಲ್ಲಿ ಇಳಿದೆ. ಬಸ್ತಿಹಳ್ಳಿಗೆ ನಡೆದೇ ಹೋದೆ. ಜಯಕ್ಕ ಹಿತ್ತಲಲ್ಲಿ ಕಾಯಿ ತುರಿಯುತ್ತಿದ್ದಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳನ್ನು ಒಪ್ಪಿಸಿದೆ. ವಿಶ್ವವಿದ್ಯಾಲಯಕ್ಕೆ ನಿಜ ಬರೆಯುತ್ತೇನೆ, ಪದವಿ ಹೋದರೆ ಹೋಗಲಿ, ನೀನು ನನ್ನನ್ನು ಕ್ಷಮಿಸು ಎಂದೆ.

ತುರಿಯುವುದನ್ನು ಅವಳು ನಿಲ್ಲಿಸಲಿಲ್ಲ. "ಮಿಷನ್ ಬತ್ತದೆ ಮಿಷನ್ ಬತ್ತದೆ ಅಂತ ನಮ್ಮಿಬ್ರನ್ನೂ ಜಗಲಿಯಿಂದ ಇಳಿಸಿದ್ರು," ಎಂದಳು. "ಮಿಷನ್ನೂ ಬರ್ನಿಲ್ಲ, ಜಗಲೀನೂ ಸಿಗ್ನಿಲ್ಲ. ಚಿಪ್ಪು ಒಡ್ಯೋ ಸಾಲ್ನಾಗೆ ಕೂರ್ಸಿದ್ರು. ನನ್ದು ಬುಡು. ಸಿದ್ದಜ್ಜಿಗೆ ಅವತ್ತಿಂದ ತನ್ ಕಿವಿ ಮ್ಯಾಲೇನೇ ನಂಬ್ಕೆ ಹೋಯ್ತು ಕಣೇ. ನಲವತ್ತು ವರ್ಸ ಒಂದೂ ತಪ್ಪದೋಳು, ಕಾಯಿ ಕಿವಿಗಿಟ್ಕಂಡು, ಇದು ಹದವೇನವ್ವ ನೀನೊಸಿ ಕೇಳು ಅಂತ ನನ್ನ ಕೇಳೋಳು. ದಿನಾ ಕೇಳೋಳು. ಅದು ಮಿಷನ್ ಅಲ್ಲಜ್ಜಿ, ನನ್ ಕಾಲು, ನೀನು ಹೇಳ್ಕೊಟ್ಟ ವಿದ್ಯೆ ಅಂತ ಬಾಯಿಗೆ ಬಂದಿದ್ದು ಎಷ್ಟು ಸತಿ ನುಂಗ್ಕಂಡೆ ಗೊತ್ತಾ? ಹೇಳಿದ್ರೆ ನಿನ್ ಓದು ಹೋಗ್ತಿತ್ತು."

"ಅಜ್ಜಿ ಈಗ…" ಎಂದೆ.

"ಸತ್ತು ಐದು ವರ್ಸ ಆಯ್ತು. ಕಿವಿ ಕೆಟ್ಟೋಯ್ತು ಅಂದ್ಕಂಡೇ ಸತ್ಲು." ಆಗ ತುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ನನ್ನ ಹತ್ರ ಯಾಕೆ ಬಂದೆ? ನಂಗೆ ನಿಜ ಗೊತ್ತಿತ್ತು. ಗೊತ್ತಿಲ್ದೆ ಇದ್ದಿದ್ದು ಅವ್ಳಿಗೆ. ಹೋಗು, ಅವ್ಳಿಗೆ ಹೇಳು."

ಅವಳು ಕಾಫಿ ಕೊಡಲಿಲ್ಲ. ನಾನು ಬಾಯಿಬಿಟ್ಟು ಕೇಳುವ ಹಾಗೂ ಇರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಮೇಲೆ ನನಗೆ ಬಂದ ಅಸಹ್ಯವನ್ನು ಇಲ್ಲಿ ಬರೆದು ನಿಮ್ಮ ಕನಿಕರ ಗಿಟ್ಟಿಸುವುದಿಲ್ಲ. ಕ್ಷಮೆ ಕೇಳುವುದರಲ್ಲೂ ನಾನು ಸುಲಭದ ಬಾಗಿಲನ್ನೇ ಹುಡುಕಿಕೊಂಡು ಹೋಗಿದ್ದೆ.

ವಿಶ್ವವಿದ್ಯಾಲಯಕ್ಕೆ ಕಾಗದ ಬರೆದು ಅಂಚೆಗೆ ಹಾಕಿದ್ದೇನೆ. ಅದರಲ್ಲಿ ಜಯಕ್ಕನ ಹೆಸರಿದೆ, ಸಿದ್ದಜ್ಜಿಯ ಹೆಸರೂ ಇದೆ. ಪ್ರಬಂಧದ ನೂರು ಪುಟದಲ್ಲಿ ಎಲ್ಲೂ ಇಲ್ಲದ ಹೆಸರುಗಳು. ನಾಳಿದ್ದು ಭಾನುವಾರ ಕಳೆದು ಸೋಮವಾರ ಮಂಡಿಗೆ ಹೋಗಿ, ಚಿಪ್ಪು ಒಡೆಯುವ ಸಾಲಿನ ಮುಂದೆ ನಿಂತು, ಸಾಹುಕಾರರ ರೇಡಿಯೋ ತಗ್ಗಿಸಲು ಹೇಳಿ, ಇದೇ ಮಾತನ್ನು ಹೇಳುತ್ತೇನೆ. ಮಂಗಳವಾರ ಆ ಹಿಂದಿನ ಬೆಂಚಿನ ಹುಡುಗಿಗೆ ಅವಳ ಪ್ರಶ್ನೆಯ ಉತ್ತರ ಹೇಳುತ್ತೇನೆ. ಇಷ್ಟೂ ಮಾಡಬಲ್ಲೆ. ಸಿದ್ದಜ್ಜಿಯ ಕಿವಿಗೆ ಮಾತ್ರ ಇದು ಬೀಳುವುದಿಲ್ಲ.