ಉಡಿ ತುಂಬುವ ಊರಿನ ವಸ್ತಿ ಗಾಡಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಶಿಗ್ಗಾಂವಿ ತಾಲೂಕಿನ ಒಂದು ಊರಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದೆ. ಹುಲಗೂರಿನ ರಸ್ತೆ ಬಿಟ್ಟು ಒಳಗೆ ಹೋಗಬೇಕಾದ ಎರೆಭೂಮಿಯ ಊರು. ರಸ್ತೆಗೆ ಕಡಿ ಹಾಕಿದ ಮೇಲೆ ಅಲ್ಲಿಗೆ ವಸ್ತಿ ಗಾಡಿ ಬಂದಿತ್ತು. ವಸ್ತಿ ಗಾಡಿ ಎಂದರೆ ಸಂಜೆ ಶಿಗ್ಗಾಂವಿಯಿಂದ ಬಂದು, ಊರಲ್ಲೇ ರಾತ್ರಿ ಕಳೆದು, ಮುಂಜಾನೆ ಹೊರಡುವ ಸರಕಾರಿ ಬಸ್ಸು. ಡ್ರೈವರ್, ಕಂಡಕ್ಟರ್ ಇಬ್ಬರೂ ಚಾವಡಿಯಲ್ಲಿ ಮಲಗುತ್ತಿದ್ದರು. ಅವರಿಗೆ ರೊಟ್ಟಿ, ಪಲ್ಯ, ಮಜ್ಜಿಗೆ ಸರದಿಯ ಮೇಲೆ ಮನೆಮನೆಯಿಂದ ಹೋಗುತ್ತಿದ್ದವು. ಯಾರ ಮನೆಯ ಸರದಿ ಎಂದು ಯಾರೂ ಬರೆದಿಟ್ಟಿರಲಿಲ್ಲ, ಆದರೂ ಸರದಿ ಎಂದೂ ತಪ್ಪುತ್ತಿರಲಿಲ್ಲ. ಅನ್ನ ಹಾಕುವುದರಲ್ಲಿ ಆ ಊರಿಗೆ ಯಾರೂ ಶಿಸ್ತು ಕಲಿಸಬೇಕಾಗಿರಲಿಲ್ಲ. ಗಾಡಿ ಹತ್ತುವುದರಲ್ಲಿ ಮಾತ್ರ ಕಲಿಸಬೇಕಾಯಿತು.

ನಾನು ಹಿರೇಕೆರೂರಿನವಳು. ಶಿಕ್ಷಕರ ತರಬೇತಿಯ ಹಾಸ್ಟೆಲ್ಲಿನಲ್ಲಿ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ದೀಪ ಆರಿಸಿ ಬೆಳೆದವಳು. ಆ ಶಿಸ್ತು ನನಗೆ ಎಂದೂ ಭಾರವೆನಿಸಿಲ್ಲ. ಹೊತ್ತಿಗೆ ಸರಿಯಾಗಿ ನಡೆಯುವವರಿಗೆ ದಿನ ದೊಡ್ಡದಾಗಿ ಸಿಗುತ್ತದೆ ಎಂಬುದು ನನ್ನ ಅನುಭವ.

ನನ್ನ ಏಳನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಲೆಕ್ಕದಲ್ಲಿ ಬಹಳ ಚುರುಕು. ಹಲಗೆಯ ಮೇಲೆ ನಾನು ಲೆಕ್ಕ ಬರೆದು ತಿರುಗುವಷ್ಟರಲ್ಲಿ ಉತ್ತರ ಹೇಳಿ ಉಳಿದವರ ಆಟ ಕೆಡಿಸುತ್ತಿದ್ದಳು. ಮುಲ್ಕಿ ಪರೀಕ್ಷೆ ಪಾಸಾದ ಮೇಲೆ ಅವಳನ್ನು ಶಿಗ್ಗಾಂವಿಯ ಹೈಸ್ಕೂಲಿಗೆ ಕಳಿಸಿರೆಂದು ಕೇಳಲು ಅವಳ ಮನೆಗೆ ಹೋದೆ. ಅಪ್ಪ ಹತ್ತಿ, ಮೆಣಸಿನಕಾಯಿ ಬೆಳೆಯುವ ರೈತ. ಮಾತು ಕಡಿಮೆ, ಆಡಿದರೆ ಗಟ್ಟಿ.

“ಕಳಸ್ತೇನ್ರಿ ಅಕ್ಕೋರ,” ಎಂದ. “ಆದ್ರ ಒಂದ ಮಾತು. ಆಕಿ ನಮ್ಮೂರಾಗ ಗಾಡಿ ಹತ್ತಬೇಕು, ನಮ್ಮೂರಾಗ ಇಳೀಬೇಕು. ಹುಲಗೂರ ಕ್ರಾಸಿಗೆ ನಡಕೊಂಡ ಹೋಗೂದು, ಅಲ್ಲಿ ಕಂಡಕಂಡವರ ಮುಂದ ನಿಂದ್ರೂದು ನನಗ ಸರಿ ಬರೂದಿಲ್ಲ. ಗಾಡಿ ನಿಂತ ದಿನ ಸಾಲೀನೂ ನಿಂತಂಗ.”

ನಾನು ಒಪ್ಪಿದೆ. ಗಾಡಿ ನಿಲ್ಲುವ ಮಾತು ಆಗ ನನ್ನ ತಲೆಯಲ್ಲಿರಲಿಲ್ಲ.

ಜೂನ್‌ನಲ್ಲಿ ಅವಳು ಎಂಟನೆಯ ತರಗತಿಗೆ ಸೇರಿದಳು. ಕಾರಹುಣ್ಣಿಮೆ ಮುಗಿಯುವಷ್ಟರಲ್ಲಿ ಸುದ್ದಿ ಬಂತು. ಡಿಪೋದಲ್ಲಿ ಹಳೆಯ ಗಾಡಿಗಳು ಗುಜರಿಗೆ ಹೋಗುತ್ತಿವೆ, ಹೊಸವು ಬಂದಿಲ್ಲ, ಹಳ್ಳಿಯ ಓಡಾಟ ಕಡಿಮೆ ಮಾಡುತ್ತಾರೆ. ನಮ್ಮೊಬ್ಬರ ಪಾಡಲ್ಲ ಅದು. ಹಾನಗಲ್ಲಿನ ಕಡೆಯೂ ಗಾಡಿ ಕಡಿಮೆಯಾಗಿದ್ದವು. ಹಿರೇಕೆರೂರಿನಲ್ಲಿ ನನ್ನ ತವರಿನವರು ಸಂತೆಗೆ ಹೋಗಲು ಎತ್ತಿನ ಗಾಡಿಯ ಕೀಲಿಗೆ ಮತ್ತೆ ಎಣ್ಣೆ ಹಾಕಿದ್ದರು. ನಮ್ಮ ಊರಿಗಿದ್ದದ್ದು ಎರಡು ಸೌಕರ್ಯ: ಮಧ್ಯಾಹ್ನದ ಒಂದು ಟ್ರಿಪ್ಪು, ಮತ್ತೆ ವಸ್ತಿ ಗಾಡಿ. ಮಧ್ಯಾಹ್ನದ್ದು ಆಗಲೇ ನಿಂತಿತ್ತು. ವಸ್ತಿಯೂ ನಿಲ್ಲುತ್ತದೆ ಎಂದು ಕಂಡಕ್ಟರೇ ಬಂದು ಹೇಳಿದರು. ಅವರು ಸವಣೂರಿನವರು, ಊರಿನವರೆಲ್ಲ ಸಾಬ್ರ ಎಂದು ಕರೆಯುತ್ತಿದ್ದರು. ಊರಿನ ರೊಟ್ಟಿ ತಿಂದ ಋಣಕ್ಕೆ ಮೊದಲೇ ತಿಳಿಸಿದ್ದರು.

ಡಿಪೋಗೆ ನಾವು ಮೂವರು ಹೋದೆವು. ಹುಡುಗಿಯ ಅಪ್ಪ, ಪಂಚಾಯತಿಯ ಚೇರ್ಮನ್ನರು, ನಾನು. ಮ್ಯಾನೇಜರು ಕುರ್ಚಿ ಕೊಟ್ಟು ಕೂರಿಸಿದರು. ಚೇರ್ಮನ್ನರು ಮೊದಲಿನಿಂದ ಕೊನೆಯವರೆಗೆ ಹೇಳಿದ್ದನ್ನು ಅವರು ಕೇಳಿಸಿಕೊಂಡು, ನನ್ನ ಕಡೆ ತಿರುಗಿದರು.

“ಅಕ್ಕೋರ, ನಿಮ್ಮೂರ ಗಾಡಿ ಹೊತ್ತಿಗೆ ಸರಿಯಾಗಿ ಶಿಗ್ಗಾಂವಿ ಮುಟ್ಟಿದ ಒಂದ ದಿನ ಹೇಳ್ರಿ.”

“ಗಾಡಿ ಹಳೇದೈತ್ರಿ ಸಾಹೇಬ್ರ, ಅದಕ ತಡಾ ಆಗತೈತಿ,” ಎಂದ ಹುಡುಗಿಯ ಅಪ್ಪ.

“ಗಾಡಿ ಹಳೇದಲ್ಲೋ ಯಜಮಾನ. ನಿಮ್ಮೂರ ಉಡಿ ತುಂಬೂದ ಮುಗಿಯೂದಿಲ್ಲ! ಕಂಡಕ್ಟರ್‌ನ ಕೇಳಿದ್ರ ದಿನಾ ಅದ ಕಾರಣ. ಇವತ್ತ ಒಬ್ಬಾಕಿಗೆ ಉಡಿ, ನಾಳೆ ಇನ್ನೊಬ್ಬಾಕಿಗೆ ಉಡಿ. ಅದ ಗಾಡಿ ಮುಂದ ಸವಣೂರಿಗೆ ಹೋಗಬೇಕು. ಅಲ್ಲಿ ವೀಳ್ಯದೆಲಿ ಬುಟ್ಟಿ ಇಟಗೊಂಡು ಮಂದಿ ಬಿಸಲಾಗ ನಿಂತಿರ್ತಾರ. ನಿಮ್ಮ ಉಡಿಗೆ ಎಲಿ ಬೆಳಿಯೋರು ಅವರ. ಆ ಎಲಿ ಬಾಡಿದ್ರ ಉಡಿಯಾಗ ಏನ್ ಇಡ್ತೀರಿ, ಹುಣಸಿ ತಪ್ಪಲ?”

ಚೇರ್ಮನ್ನರು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ, ಏಕೆಂದರೆ ಆ ಮನುಷ್ಯ ಹೇಳಿದ್ದರಲ್ಲಿ ಅರ್ಧ ನಿಜವಿತ್ತು.

ತವರಿಗೆ ಬಂದ ಮಗಳನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಸೆರಗಿನ ಮಡಿಲಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಬೇರು, ಉತ್ತತ್ತಿ, ಎಲೆ ಅಡಿಕೆ, ಖಣ ಹಾಕಿ ಕಳಿಸುತ್ತಾರೆ. ಅದೇ ಉಡಿ. ಎಲ್ಲ ಊರಿನಲ್ಲೂ ಇರುವ ಪದ್ಧತಿ. ಆದರೆ ನಮ್ಮ ಊರಿನ ಹಿರಿಯ ಹೆಂಗಸರಲ್ಲಿ ಇನ್ನೊಂದು ನಂಬಿಕೆ ಇತ್ತು. ಉಡಿ ತುಂಬಿಸಿಕೊಂಡು ಹೊಸ್ತಿಲು ದಾಟಿದವಳು ಹಿಂತಿರುಗಿ ಆ ಹೊಸ್ತಿಲು ತುಳಿಯಬಾರದು. ಮನೆಯಲ್ಲಿ ಉಡಿ ತುಂಬಿ, ಆಮೇಲೆ ಗಾಡಿ ಕೆಟ್ಟು ನಿಂತರೆ ಏನು ಗತಿ? ಅದಕ್ಕಾಗಿ ಅವರು ಕಂಡುಕೊಂಡ ಉಪಾಯ ಬಸ್ಸಿನ ಬಾಗಿಲಲ್ಲೇ ಉಡಿ ತುಂಬುವುದು. ಎಂಜಿನ್ ಚಾಲೂ ಆಗಬೇಕು, ಗುಡುಗುಡು ಸದ್ದು ಕೇಳಬೇಕು, ಆಗ ಅಕ್ಕಿಯ ಮೊರ ಎತ್ತಿಕೊಂಡು ಐದು ಮಂದಿ ಮುತ್ತೈದೆಯರು ಮುಂದೆ ಬರಬೇಕು. ಮಗಳು ಮೆಟ್ಟಿಲ ಮೇಲೆ ನಿಂತು ಸೆರಗು ಒಡ್ಡಬೇಕು. ಒಬ್ಬಳು ಅಕ್ಕಿ ಹಾಕುವುದು, ಇನ್ನೊಬ್ಬಳು ಕುಂಕುಮ ಮರೆತು ಮನೆಗೆ ಓಡುವುದು, ಅವ್ವ ಅಳುವುದು, ಮಗಳು ಅಳುವುದು. ಸಾಬ್ರು ಬಾಗಿಲಲ್ಲಿ ಟಿಕೆಟ್ ಪೆಟ್ಟಿಗೆ ಹಿಡಿದುಕೊಂಡು, ತಾವೂ ಹೆಣ್ಣುಮಕ್ಕಳ ತಂದೆ ಎಂಬ ಮುಖದಲ್ಲಿ ಕಾಯುವುದು.

ನಾನು ಮ್ಯಾನೇಜರಿಗೆ ಹೇಳಿದೆ: “ಹಳೇ ಗಾಡಿ ಮೂಲಿಗೆ ಹಚ್ಚಿದವರು ಹೊಸಾ ಗಾಡಿ ತರಸಬೇಕು. ಅದು ನಿಮ್ಮ ಕೆಲಸ. ಹೊತ್ತಿಗೆ ಸರಿ ಗಾಡಿ ಬಿಡಸೂದು ನಮ್ಮ ಕೆಲಸ. ನಮ್ಮ ಕೆಲಸ ನಾವು ಮಾಡಿ ತೋರಿಸ್ತೇವಿ. ಆಮ್ಯಾಲ ನಿಮ್ಮದನ್ನ ಕೇಳಾಕ ಬರ್ತೇವಿ.”

ಅವರು ಗೋಡೆಯ ಕ್ಯಾಲೆಂಡರ್ ನೋಡಿದರು. “ಶ್ರಾವಣ ಮುಗಿಯೂತನಕ ನೋಡ್ತೇನ್ರಿ. ಒಂದ ದಿನ ತಡಾ ಆದ್ರೂ ಮತ್ತ ಮಾತಿಲ್ಲ.”

ಶ್ರಾವಣ! ವರ್ಷದ ಹನ್ನೊಂದು ತಿಂಗಳು ಬಿಟ್ಟು ಆ ಒಂದನ್ನೇ ಹೇಳಬೇಕೆ? ಪಂಚಮಿಗೆ ಊರಿನ ಹೆಣ್ಣುಮಕ್ಕಳೆಲ್ಲ ತವರಿಗೆ ಬರುವ ತಿಂಗಳು. ಬಂದವರೆಲ್ಲ ಹೋಗಲೇಬೇಕು. ಹೋಗುವವರಿಗೆಲ್ಲ ಉಡಿ.

ಮರುದಿನದಿಂದಲೇ ಕೆಲಸ ಶುರು ಮಾಡಿದೆ. ಶಾಲೆಯ ಗಂಟೆಯನ್ನು ಮುಂಜಾನೆ ನಾನೇ ಬಾರಿಸತೊಡಗಿದೆ. ಡ್ರೈವರ್ ಮುಖ ತೊಳೆಯಲು ಹೋದಾಗ ಒಂದು, ಎಂಜಿನ್ ಚಾಲೂ ಮಾಡಿದಾಗ ಒಂದು, ಗಾಡಿ ಬಿಡುವಾಗ ಒಂದು. ಮೂರನೆಯದರ ಮೇಲೆ ಯಾರಿಗೂ ಕಾಯುವುದಿಲ್ಲ. ಮೊದಲ ದಿನ ಒಬ್ಬರ ಹಾಲಿನ ಕ್ಯಾನು ಊರಲ್ಲೇ ಉಳಿಯಿತು, ಎರಡನೆಯ ದಿನ ಚೇರ್ಮನ್ನರೇ ಉಳಿದರು. ಅದು ಒಳ್ಳೆಯದೇ ಆಯಿತು. ಚೇರ್ಮನ್ನರನ್ನು ಬಿಟ್ಟು ಹೋದ ಗಾಡಿ ತಮ್ಮನ್ನೂ ಬಿಡುತ್ತದೆ ಎಂದು ಎಲ್ಲರಿಗೂ ತಿಳಿಯಿತು.

ಬೈಗುಳಕ್ಕೇನೂ ಕಡಿಮೆಯಿರಲಿಲ್ಲ. “ಅಕ್ಕೋರು ಊರನ್ನ ಸಾಲಿ ಮಾಡ್ಯಾರ, ನಾಳೆ ಕೈ ಚಾಚು ಅಂತಾರ ನೋಡ,” ಎಂದು ಕಟ್ಟೆಯ ಮೇಲಿನವರು ಆಡಿಕೊಂಡರು. ಹುಡುಗಿಯ ಅಜ್ಜಿಯಂತೂ ನನ್ನ ಮುಖಕ್ಕೇ ಕೇಳಿದಳು: “ಗಂಟಿ ಬಾರಿಸಿದ್ರ ಎಮ್ಮಿ ಲಗೂನ ಹಾಲ ತೊರಿ ಬಿಡತೈತೇನವಾ?”

ಆ ಅಜ್ಜಿಯ ಮಾತು ಊರಿನ ಹೆಂಗಸರಿಗೆ ಪ್ರಮಾಣ. ಆದ್ದರಿಂದ ಉಡಿಯ ವಿಷಯವನ್ನು ಅವಳ ಪಡಸಾಲೆಯಲ್ಲೇ ಎತ್ತಿದೆ.

“ಉಡಿ ಮನ್ಯಾಗ ತುಂಬ್ರಿ ಅಜ್ಜಿ. ಎರಡನೇ ಗಂಟಿಗೆ ಮೊದಲ ತುಂಬಿ, ಕರಕೊಂಡು ಬರ್ರಿ.”

“ಗಾಡಿ ತಪ್ಪಿದ್ರ? ತುಂಬಿದ ಉಡಿ ತಗೊಂಡು ತಿರುಗಿ ಒಳಗ ಬರೂಹಂಗಿಲ್ಲ. ಬೀದ್ಯಾಗ ನಿಂದ್ರಸ್ಲೇನ?”

“ನನ್ನ ಮನಿಗೆ ಬರ್ಲಿ. ಅದು ಆಕಿ ತವರಮನಿ ಅಲ್ಲ, ಆಕಿ ಗಂಡನಮನೀನೂ ಅಲ್ಲ. ಯಾವ ದೋಷಾನೂ ಇಲ್ಲ.”

ಅಜ್ಜಿ ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟಳು. “ನಿನ್ನ ಒಂದ ಖೋಲಿ ಮನ್ಯಾಗ ಎಷ್ಟ ಮಂದೀನ ಇಟಗೋತಿ?” ಎಂದಳು. ಆದರೆ ಬೇಡ ಎನ್ನಲಿಲ್ಲ. ಅಜ್ಜಿ ಬೇಡ ಎನ್ನದಿದ್ದರೆ ಅದು ಹೌದು ಎಂದೇ ಲೆಕ್ಕ.

ಪಂಚಮಿ ಬಂತು. ಬೇವಿನ ಮರಗಳಿಗೆ ಜೋಕಾಲಿ ಬಿದ್ದವು. ಹಬ್ಬ ಮುಗಿದ ಮೇಲೆ ಒಬ್ಬೊಬ್ಬರಾಗಿ ಹೆಣ್ಣುಮಕ್ಕಳು ಹೊರಟರು. ಎಲ್ಲರೂ ಉಡಿ ಹೊತ್ತುಕೊಂಡೇ ಗಾಡಿಗೆ ಬಂದು ಕೂತರು. ಅಳುವುದನ್ನೂ ಮನೆಯಲ್ಲೇ ಮುಗಿಸಿ ಬಂದರು. ಗಾಡಿ ಹೊತ್ತಿಗೆ ಸರಿಯಾಗಿ ಹೋಯಿತು. ಸಾಬ್ರು ಸಂಜೆ ಬಂದು, “ಅಕ್ಕೋರ, ಇವತ್ತೂ ಸಾಹೇಬ್ರು ಗಡಿಯಾರ ನೋಡಿ ಸುಮ್ಮನಾದ್ರು,” ಎಂದು ವರದಿ ಕೊಡುತ್ತಿದ್ದರು.

ಹುಡುಗಿಯ ಅಕ್ಕನೂ ಪಂಚಮಿಗೆ ಬಂದಿದ್ದಳು. ಹಾನಗಲ್ ತಾಲೂಕಿನ ಆಡೂರಿಗೆ ಕೊಟ್ಟಿದ್ದ ಮಗಳು. ಮದುವೆಯಾಗಿ ಮೊದಲ ಪಂಚಮಿ. ಕರೆದೊಯ್ಯಲು ಅಳಿಯ ಬಂದಿದ್ದ. ಮಾವ ಕೊಟ್ಟ ಹೊಸ ಕೈಗಡಿಯಾರ ಕಟ್ಟಿಕೊಂಡು, ಯಾರು ಕೇಳಿದರೂ ಕೇಳದಿದ್ದರೂ ವೇಳೆ ಹೇಳುತ್ತಿದ್ದ. ಅವರು ಹೊರಡುವ ದಿನವೇ ತಂಗಿಗೆ ಹೈಸ್ಕೂಲಿನ ಮೊದಲ ಪರೀಕ್ಷೆ ಶುರು.

ಎರಡನೆಯ ಗಂಟೆ ಬಾರಿಸಿ ನಾನು ಗಾಡಿಯ ಹತ್ತಿರ ಬಂದೆ. ಹುಡುಗಿ ಕಿಟಕಿಯ ಪಕ್ಕ ಪಟ್ಟಿ ಪುಸ್ತಕ ಹಿಡಿದು ಕೂತಿದ್ದಳು. ಅಕ್ಕ ತುಂಬಿದ ಉಡಿ ಎದೆಗೆ ಅವಚಿಕೊಂಡು ಕೆಳಗೆ ನಿಂತಿದ್ದಳು. ಅಪ್ಪ ಹಬ್ಬದ ಉಂಡಿಯ ಡಬ್ಬಿ, ಗಂಟು ಎಲ್ಲ ಗಾಡಿಯ ಮೇಲೆ ಏರಿಸಿದ್ದ. ಅಳಿಯ ಮಾತ್ರ ಇರಲಿಲ್ಲ.

“ಎಲ್ಲಿ ಅದಾರ ಅಳಿಯಾರು?” ಎಂದು ಕೇಳಿದೆ.

“ದಾಡಿ ಮಾಡ್ಕೊಳ್ಳಾಕತ್ಯಾರ್ರಿ,” ಎಂದಳು ಅಕ್ಕ, ನೆಲ ನೋಡುತ್ತ.

“ಕೈಯಾಗ ಗಡಿಯಾರ ಕಟ್ಟಿದ್ರ ಆತೇನ, ನೋಡಬೇಕು!” ಎಂದು ಒಳಗಿಂದ ಯಾರೋ ಅಂದರು. ಗಾಡಿಯೆಲ್ಲ ನಕ್ಕಿತು.

ಡ್ರೈವರ್ ಹಾರ್ನ್ ಹೊಡೆದರು. ಅಜ್ಜಿ ಮನೆಯ ಕಡೆ ಕೈ ಬೀಸಿ ಕೂಗಿದಳು. ಅಲ್ಲಿಂದ ಉತ್ತರ ಬರಲಿಲ್ಲ. ನಾನು ಶಾಲೆಗೆ ಹೋಗಿ ಮೂರನೆಯ ಗಂಟೆಯನ್ನೂ ಬಾರಿಸಿ ಬಂದೆ. ಸಾಬ್ರು ಬಾಗಿಲಲ್ಲಿ ನಿಂತು, ನನ್ನನ್ನು ನೋಡದೆ ಹುಡುಗಿಯ ಅಪ್ಪನನ್ನು ನೋಡಿದರು. ಮೊದಲ ಪಂಚಮಿಯ ಅಳಿಯ. ಅವನನ್ನು ಬಿಟ್ಟು ಹೋಗುವುದೆಂದರೆ ಬೀಗರ ಊರಿನವರೆಗೆ ಮಾತು ಹೋಗುತ್ತದೆ. ಕಾದು ತಡವಾದರೆ ಊರಿಗೆ ಬರುವ ವಸ್ತಿ ಗಾಡಿಯೇ ಹೋಗುತ್ತದೆ. ಗಾಡಿ ಹೋದರೆ ಕಿಟಕಿಯ ಪಕ್ಕದ ಹುಡುಗಿಯ ಶಾಲೆ ಹೋಗುತ್ತದೆ. ಆ ಕರಾರು ಹಾಕಿದವನು ಅವಳ ಅಪ್ಪನೇ.

“ಏನ್ ಮಾಡೂಣ್ರಿ ಯಜಮಾನ್ರ?” ಎಂದರು ಸಾಬ್ರು.

ಹುಡುಗಿ ಎದ್ದು ನಿಂತಳು. “ಅಪ್ಪಾ, ಅಕ್ಕ...”

“ನೀ ಕುಂದರ,” ಎಂದ ಅಪ್ಪ. ಮೇಲೆ ಹತ್ತಿ, ಉಂಡಿಯ ಡಬ್ಬಿ, ಗಂಟು ಕೆಳಗಿಳಿಸಿದ. ಆಮೇಲೆ ಗಾಡಿಯ ತಗಡಿಗೆ ಅಂಗೈಯಿಂದ ಎರಡು ಪೆಟ್ಟು ಹಾಕಿದ. “ಸಾಬ್ರ, ರೈಟ್ ಅನ್ರಿ.”

ಗಾಡಿ ಹೋಯಿತು. ಅದರ ಧೂಳಿನಲ್ಲೇ ಅಳಿಯ ಓಡಿ ಬಂದ, ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ಮೇಲೆ ಸಾಬೂನಿನ ಬುರುಗು. ಯಾರೂ ನಗಬಾರದೆಂದು ಬಹಳ ಪ್ರಯತ್ನಪಟ್ಟರು.

“ಅಳಿಯನ್ನ ಬಿಟ್ಟು ಗಾಡಿ ಕಳಿಸಿದೆಲ್ಲೋ!” ಎಂದು ಅಜ್ಜಿ ಮಗನಿಗೆ ಗದರಿ, ತಕ್ಷಣ ನನ್ನ ಕಡೆ ತಿರುಗಿದಳು. “ನೋಡವಾ, ಉಡಿ ತುಂಬೈತಿ. ಈಗ ಮಾತ ನಡಸು.”

ನಡೆಸಿದೆ. ಅಕ್ಕ ತುಂಬಿದ ಉಡಿಯೊಂದಿಗೆ ನನ್ನ ಒಂದು ಖೋಲಿಯ ಮನೆಗೆ ಬಂದಳು. ಅವಳನ್ನು ನೋಡಲು ಅವ್ವ, ಅವ್ವನ ಹಿಂದೆ ಚಿಕ್ಕಮ್ಮ, ಓಣಿಯ ಹೆಂಗಸರು. ನನ್ನ ಒಲೆಯ ಮೇಲೆ ಬೇರೆ ಯಾರೋ ಹೂರಣಕ್ಕೆ ಬೇಳೆ ಇಟ್ಟರು. ಅಳಿಯನ ಸಿಟ್ಟು ಇಳಿಸಲು ಹೋಳಿಗೆ ಆಗಲೇಬೇಕಂತೆ. ನಾನು ಪಾಠ ಮುಗಿಸಿ ಮಧ್ಯಾಹ್ನ ಬಂದಾಗ ನನ್ನ ಹಾಸಿಗೆ, ಪುಸ್ತಕ, ಕನ್ನಡಿ ಯಾವುದೂ ಇದ್ದಲ್ಲಿ ಇರಲಿಲ್ಲ. ಅಕ್ಕ ಮಾತ್ರ ಬಹಳ ಖುಷಿಯಲ್ಲಿದ್ದಳು. “ತವರಾಗ ಒಂದ ದಿನ ಜಾಸ್ತಿ ಸಿಕ್ತ್ರಿ ಅಕ್ಕೋರ,” ಎಂದು ಕಿವಿಯಲ್ಲಿ ಹೇಳಿದಳು.

ಓದುವವರನ್ನು ಕಾಯಿಸುವುದು ನನಗೆ ಇಷ್ಟವಿಲ್ಲ, ಆದ್ದರಿಂದ ಇಲ್ಲೇ ಹೇಳುತ್ತೇನೆ. ಶ್ರಾವಣ ಮುಗಿದ ಮೇಲೆ ವಸ್ತಿ ಗಾಡಿ ಉಳಿಯಿತು. ಆ ಹುಡುಗಿ ಹತ್ತನೆಯ ತರಗತಿ ಮುಗಿಸುವವರೆಗೂ ಇತ್ತು, ಆಮೇಲೂ ಇತ್ತು. ಮಧ್ಯಾಹ್ನದ ಟ್ರಿಪ್ಪು ಮಾತ್ರ ತಿರುಗಿ ಬರಲಿಲ್ಲ. ಅದನ್ನು ಕೇಳಲು ನಾವು ಡಿಪೋಗೆ ಹೋಗುವುದನ್ನು ಬಿಡಲಿಲ್ಲ. ಎಂಬತ್ತರ ದಶಕದಲ್ಲಿ ನನಗೆ ವರ್ಗವಾದಾಗಲೂ ಚೇರ್ಮನ್ನರು ಹೋಗುತ್ತಲೇ ಇದ್ದರು. ಹೊತ್ತಿಗೆ ಸರಿಯಾಗಿ ಗಾಡಿ ಬಿಡಿಸುವ ಊರಿನವರು ಎಂದು ಅಲ್ಲಿ ಕುರ್ಚಿ ಸಿಗುತ್ತಿತ್ತು, ಚಹಾ ಸಿಗುತ್ತಿತ್ತು. ಗಾಡಿ ಸಿಗಲಿಲ್ಲ.

ಅಳಿಯ ಗಾಡಿ ತಪ್ಪಿಸಿಕೊಂಡ ಆ ದಿನ ಸಂಜೆ ಗಾಡಿ ಬಂದಾಗ ಅಪ್ಪ ಕಟ್ಟೆಯ ಹತ್ತಿರ ನಿಂತಿದ್ದ. ಹುಡುಗಿ ಇಳಿದಳು. ಮುಖ ನೋಡಿದರೇ ಪರೀಕ್ಷೆ ಹೇಗಾಯಿತೆಂದು ತಿಳಿಯುವಂತಿತ್ತು. ಅಪ್ಪನ ಪಕ್ಕದಲ್ಲಿ ಅಳಿಯ, ಈಗ ಎರಡೂ ಕೆನ್ನೆ ನುಣ್ಣಗೆ, ಹೋಳಿಗೆ ತಿಂದಿದ್ದರೂ ಬಿಗುಮಾನ ಬಿಟ್ಟಿರಲಿಲ್ಲ.

“ನಾಳೆರ ಗಾಡಿ ನಮಗ ನಿಲ್ಲತೈತೇನ್ರಿ ಮಾವಾರ?” ಎಂದು ಕೇಳಿದ.

“ಇಲ್ರಿ, ನಿಲ್ಲೂದಿಲ್ಲ,” ಎಂದ ಮಾವ, ಮಗಳ ಪುಸ್ತಕದ ಚೀಲ ತನ್ನ ಹೆಗಲಿಗೆ ಹಾಕಿಕೊಳ್ಳುತ್ತ. “ನೀವ ಲಗೂನ ಎದ್ದ ಬರ್ರಿ. ನಾಳೆ ಆಕಿದು ಗಣಿತ ಐತಿ.”